ಎಡಗಾಲಿನ ಕೊನೆಯ ಎರಡು

ಹೆಪ್ಪುಗಟ್ಟಿದ ಇನಾರಿ ಸರೋವರದ ಮೇಲೆ
ಬಲೆಯ ಸಿಕ್ಕು ಬಿಡಿಸುತ್ತ ನಿಂತದ್ದು ಮುಕ್ಕಾಲು ಗಂಟೆ,
ಬೂಟಿನೊಳಗೆ ನೀರು. ಅಷ್ಟೇ.
ಹನ್ನೊಂದು ವರ್ಷವಾಯಿತು.
"ಹತ್ತೂ ಉಳಿದಿವೆ, ಪುಣ್ಯವಂತೆ" ಎಂದಿದ್ದಳು ನರ್ಸ್.

ಉಳಿದಿವೆ, ಹೌದು.
ಜುಲೈನಲ್ಲೂ ಉಣ್ಣೆಯ ಕಾಲುಚೀಲ ಬೇಡುತ್ತವೆ,
ಅಂಗಡಿಯಲ್ಲಿ ಮೀನಿನ ಫ್ರೀಜರಿನೆದುರು
ಮೇಣದ ಹಾಗೆ ಬಿಳುಚುತ್ತವೆ,
ಸೌನಾದೊಳಗೆ ಕಡ್ಡಿ ಗೀರಿದಂತೆ ಉರಿ.
ಸ್ನಾನದ ನೀರು ಎಷ್ಟು ಬಿಸಿಯೆಂದು
ಮೊಣಕೈಯನ್ನೇ ಕೇಳುತ್ತೇನೆ;
ಇವುಗಳ ಮಾತು ನಂಬುವಂತಿಲ್ಲ.

ಮೊಮ್ಮಗಳು ಐಲೆ
ಒಂದೊಂದು ಬೆರಳಿಗೂ ಹಿಮಸಾರಂಗದ ಹೆಸರಿಟ್ಟು
ಚಿವುಟುತ್ತಾಳೆ.
ಮೊದಲ ಮೂರಕ್ಕೆ ತಾನಾಗಿ ನಗು ಬಂತು.
ನಾಲ್ಕಕ್ಕೆ, ಐದಕ್ಕೆ
ನೋಡಿಕೊಂಡು ನಕ್ಕೆ.

ಅವಳು ನಗಲಿಲ್ಲ.
"ಅಜ್ಜೀ, ಇವೆರಡು ಮಲಗಿವೆ"
ಎಂದು ಕಾಲುಚೀಲ ಎಳೆದು ಹೊದಿಸಿ
ನಾಯಿಗೆ ಹೇಳಿದಳು,
ಬೊಗಳಬೇಡ.