ಬಸಿಯುವ ದಿನ

ಮನೆಯ ಜೊತೆಗೇ ಬಂದದ್ದು ಅದು.
ನಾವು ಕೇಳಿದ್ದು ಎರಡು ಕೋಣೆ, ಒಂದು ಒಲೆ.
ಹಿತ್ತಲಲ್ಲಿ ಮುಚ್ಚಳ ಹೊದ್ದು ಕೂತಿತ್ತು
ಆರು ಜನ ಹಿಡಿಸುವ ಬಿಸಿನೀರ ತೊಟ್ಟಿ,
ಹಳೇ ಯಜಮಾನರು ಬಿಟ್ಟುಹೋದ ಆನೆಮರಿ.
ಹಾಟ್ ಟಬ್ ಅಂದರೆ ಚನ್ನವೀರನಿಗೆ ನಗು:
ಹಂಡೆ ಅನ್ನು, ಸಾಕು.
ಅಂದಿನಿಂದ ಹಂಡೆಯೇ.

ಊರಿನ ಹೆಸರು ಮಾರ್ಕೆಟ್.
ಅಲ್ಲಿ ಏನು ಮಾರುತ್ತಾರೆ, ಕೇಳುತ್ತಾಳೆ ಅಕ್ಕ ಫೋನಿನಲ್ಲಿ.
ಹಿಮ ಕಣೇ. ಅದೂ ಬಿಟ್ಟಿ,
ಅಕ್ಟೋಬರಿನಿಂದ ಏಪ್ರಿಲಿನವರೆಗೆ, ಕೊಸರಿನ ಸಮೇತ.

ಅಡುಗೆಮನೆಯ ಮೇಜಿನ ಮೇಲೆ
ಕರೆಂಟು ಬಿಲ್ಲುಗಳನ್ನು ಇಸ್ಪೀಟಿನಂತೆ ಹರಡಿ ಕೂತೆವು.
ಜುಲೈ: ಇಪ್ಪತ್ತೆಂಟು ಡಾಲರು ಹಂಡೆಯ ಪಾಲು.
ಹೋದ ಜನವರಿ: ನೂರಾ ಹನ್ನೊಂದು.
ಮುಚ್ಚಳದ ಅಂಚು ಹರಿದು ಆವಿ ಸೋರುತ್ತದೆ,
ಹೊಸದಕ್ಕೆ ನಾನೂರೈವತ್ತು.
ಬೇಡ, ಎಂದೆ ನಾನು.
ಬೇಡ, ಎಂದ ಅವನೂ, ಬೆನ್ನು ನೀವಿಕೊಳ್ಳುತ್ತ.

ಆ ಬೆನ್ನೂ ಲೆಕ್ಕಕ್ಕೆ ಬರಬೇಕಿತ್ತು.
ರಾತ್ರಿ ಎರಡಕ್ಕೆ ಹೊರಟು ಊರಿನ ಹಿಮ ತಳ್ಳುವವನು,
ಹನ್ನೊಂದು ಟನ್ನಿನ ಗಾಡಿಯಲ್ಲಿ ಕುಲುಕಿ ಕುಲುಕಿ
ಬೆಳಿಗ್ಗೆ ಕೊರಡಾಗಿ ಮನೆಗೆ ಬರುವವನು.
ನನ್ನದೋ, ದಿನವಿಡೀ ನೀರಿನದೇ ಚಾಕರಿ:
ಆಸ್ಪತ್ರೆಯ ಡಯಾಲಿಸಿಸ್ ಕೋಣೆ,
ಒಬ್ಬೊಬ್ಬರ ರಕ್ತಕ್ಕೂ ಒಂದೊಂದು ಅಳತೆ.
ಮನೆಗೆ ಬಂದು ಮತ್ತೆ ಕ್ಲೋರಿನ್ ಪಟ್ಟಿ ಅದ್ದಿ
ಬಣ್ಣ ನೋಡುವಾಗ ಅನ್ನಿಸುತ್ತಿತ್ತು:
ಇದೂ ಒಬ್ಬ ರೋಗಿ, ಬಿಲ್ಲು ಮಾತ್ರ ನಮ್ಮದು.

ಪಕ್ಕದ ಮನೆಯ ಆರ್ವೋ ಲಹ್ತಿ ಬೇಲಿಯಾಚೆಯಿಂದಲೇ ಹೇಳಿದ:
ಇಟ್ಟರೆ ವರ್ಷವಿಡೀ ಇಡಿ, ಬಿಟ್ಟರೆ ಪೂರಾ ಬಿಡಿ.
ಅರ್ಧಂಬರ್ಧ ಇಲ್ಲಿ ನಡೆಯದು.
ಕೊಳವೆಯ ಮೊಣಕೈಯಲ್ಲಿ ಒಂದು ಲೋಟ ನೀರು ಉಳಿದರೂ
ಹೆಪ್ಪುಗಟ್ಟಿ, ಹಿಗ್ಗಿ, ಸೀಳಿಹಾಕುತ್ತದೆ.
ದಿನ ಹೇಳಿ, ಬಂದು ಬಸಿದು ಕೊಡುತ್ತೇನೆ.

ಭಾನುವಾರ ಎಂದುಬಿಟ್ಟೆ.
ಆಮೇಲೆ ಹೊಳೆಯಿತು, ಅವತ್ತು ನೀರು ತುಂಬುವ ಹಬ್ಬ.
ಹುಣಸೆಹಣ್ಣು ಹಚ್ಚಿ ತಾಮ್ರ ಬೆಳಗಿ,
ಕೊರಳಿಗೆ ಮಾಲಿಂಗನ ಬಳ್ಳಿ ಸುತ್ತಿ,
ಕಂಠಮಟ್ಟ ತುಂಬಿಸುತ್ತಿದ್ದಳು ಅವ್ವ.
ಅಂಥ ದಿನ ನಾನು ಹಂಡೆ ಬರಿದು ಮಾಡಲು ಹೊರಟಿದ್ದೆ.
ಕರೆಂಟು ಕಂಪನಿಗೆ ಪಂಚಾಂಗ ಗೊತ್ತಿಲ್ಲ, ಬಿಡು,
ಎಂದ ಚನ್ನವೀರ.

ಆರ್ವೋ ಬಂದ. ಪೈಪು, ಸ್ಪ್ಯಾನರು,
ಕೊನೆ ಹನಿಯನ್ನೂ ಹೀರುವ ಯಂತ್ರ.
ಮುಚ್ಚಳ ಎತ್ತಿದೆವು. ಆವಿ ಎದ್ದು
ಮೂವರ ಮುಖವನ್ನೂ ಅಳಿಸಿತು.
ಎಷ್ಟು ಬಿಸಿಯಿದೆ ನೋಡೋಣವೆಂದು
ಕೈಗವಸು ಕಿತ್ತು ಕೈ ಇಳಿಬಿಟ್ಟ:
ಬೆರಳು, ಮಣಿಕಟ್ಟು, ಮೊಣಕೈ.
ತೆಗೆಯಲಿಲ್ಲ.
ಹಿಮ ಸಣ್ಣಗೆ ಬೀಳುತ್ತಿತ್ತು ಅವನ ಟೋಪಿಯ ಮೇಲೆ.

ನಿನ್ನ ಹಿತ್ತಲಲ್ಲಿ ಸೌನಾ ಇದೆಯಲ್ಲ,
ಎಂದ ಚನ್ನವೀರ, ಏನಾದರೂ ಅನ್ನಬೇಕೆಂದು.
ಇದೆ, ಎಂದ ಆರ್ವೋ.
ಒಬ್ಬನಿಗೋಸ್ಕರ ಒಲೆ ಹಚ್ಚುವುದೆಂದರೆ...
ಐಲಿ ಹೋದ ಮೇಲೆ ಅದರೊಳಗೆ ಸೌದೆ ಒಟ್ಟಿದ್ದೇನೆ.
ಅಷ್ಟೇ. ತೋಳು ಇನ್ನೂ ನೀರಿನಲ್ಲೇ.

ಸ್ಪ್ಯಾನರನ್ನು ಯಾರೂ ಕೇಳಲಿಲ್ಲ.
ನಾನು ಒಳಗೆ ಹೋಗಿ ಚಹಕ್ಕಿಟ್ಟು
ಮೂರನೆಯ ಟವೆಲು ಹುಡುಕಿದೆ,
ಹಬ್ಬವಲ್ಲವೇ ಎಂದು ಎಳ್ಳೆಣ್ಣೆ ಬಾಟಲಿಯನ್ನೂ.
ಎಣ್ಣೆ ಮಾತ್ರ ಬೇಡ ಮಾರಾಯ್ತಿ, ಫಿಲ್ಟರು ಕೆಡುತ್ತದೆ,
ಕೂಗು ಬಂತು ಹಿತ್ತಲಿನಿಂದ.

ಈ ಜನವರಿಯ ಬಿಲ್ಲು ನಿನ್ನೆ ಬಂತು: ನೂರಾ ಹತ್ತೊಂಬತ್ತು.
ಮುಚ್ಚಳದ ಅಂಚಿಗೆ ಆರ್ವೋ ಹಳೇ ಕಂಬಳಿ ಹೊಲಿದಿದ್ದಾನೆ,
ಹೊಲಿಗೆ ಸೊಟ್ಟ, ಆವಿ ಈಗಲೂ ಸೋರುತ್ತದೆ, ಅಲ್ಲಲ್ಲ,
ಸ್ವಲ್ಪ ಕಡಿಮೆ.
ಬೆಳಿಗ್ಗೆ ಆರು. ಮೈನಸ್ ಹದಿನೆಂಟು.
ಕಟಾಂಜನದ ಮೇಲೆ ಒದ್ದೆ ಟವೆಲುಗಳು
ಸೆಟೆದು ನಿಂತಿವೆ, ಕರೆದರೆ ನಡೆದು ಬಂದಾವು.
ಬರುವ ವರ್ಷ ನೋಡೋಣ, ಅನ್ನುತ್ತೇನೆ ಬಿಲ್ಲು ಮಡಚುತ್ತ.
ಆಚೆ ಒಂದು ಕೆಮ್ಮು, ಒಂದು ನಗು,
ಯಾರದು ಯಾವುದೆಂದು ಆವಿಯಲ್ಲಿ ತಿಳಿಯುವುದಿಲ್ಲ.