ನಂಬರ್

ಡಬ್ಬಿಯ ಮುಚ್ಚಳದ ಮ್ಯಾಲ ಅಚ್ಚಾದದ್ದು ನನ್ನ ಮೊಬೈಲ್ ನಂಬರು.
ಹದಿನೆಂಟು ವರ್ಷ, ಅರವತ್ತು ಹಳ್ಳಿ,
ಎಷ್ಟು ಚಾಳೀಸು ಮಾರಿದೆವೋ ಅಷ್ಟು ಡಬ್ಬಿ,
ಅಷ್ಟೂ ಮನಿಯ ಮಾಡದಾಗ, ದೇವರ ಬಾಜೂಕ, ನಾನು.

ದುಧನಿಯಿಂದ ಫೋನು: ಅಕ್ಕಾ, ಕಡ್ಡಿ ಮುರದೈತಿ.
ತೋಳನೂರಿನಿಂದ: ಅಕ್ಕಾ, ನಮ್ಮತ್ತಿ ಅದರ ಮ್ಯಾಲನ ಕೂತಾಳ.
ರಾತ್ರಿ ಹನ್ನೊಂದಕ್ಕ ನಾಗಣಸೂರಿನ ಒಬ್ಬಾಕಿ:
ಏನಿಲ್ರೀ, ಹತ್ತತೈತೋ ಇಲ್ಲೋ ನೋಡಿದೆ.

ಶುರುವಾದದ್ದು ಒಂದು ಸೂಜಿಯಿಂದ.
ಅಕ್ಕಲಕೋಟೆಯ ಬಸ್‌ಸ್ಟ್ಯಾಂಡಿನ ಹಿಂದ ಬಾಡಗಿ ಖೋಲಿ,
ಸೊಲ್ಲಾಪುರದಿಂದ ತಂದ ಹಳೇ ಸಾಣಿ ಮಷೀನು.
ಓದು ಬಾರದವರಿಗೆ ಅಕ್ಷರದ ಹಲಗಿ ಯಾಕ,
ಅದೂ ಯಾವ ಅಕ್ಷರ, ಕನ್ನಡವೋ ಮರಾಠಿಯೋ,
ಸೂಜಿ ಕೊಟ್ಟೆ, ದಾರ ಕೊಟ್ಟೆ, ಪೋಣಸ್ರಿ ಅಂದೆ.
ಪೋಣಿಸಿದ ಮ್ಯಾಲ ತಲಿ ಎತ್ತತಾರಲ್ಲ, ಆ ಮುಖ,
ಅದೊಂದಕ್ಕ ಮದಿವಿಯ ಬಿಲ್ವಾರ ಒತ್ತಿ ಇಟ್ಟೆ.
ತಿರುಗಿ ಬಿಡಿಸಲೇ ಇಲ್ಲ.
ಸುಳ್ಳ್ಯಾಕ, ಬಿಡಿಸಿದ್ದೆ. ಮತ್ತ ಇಟ್ಟೆ.

ಪುಣೆಯಿಂದ ಬರತಿದ್ದ ದೇಣಗಿ ಕೊಡೂ ಸಾಹೇಬ
ಮೆತ್ತಗ ಕೇಳಿದ: ನಿಮ್ಮ ನಂತರ ಯಾರು?
ಚಹಾ ಆರತದ, ಕುಡೀರಿ ಅಂದೆ.
ಮರುವರ್ಷ ಕೇಳಿದ. ಚಹಾ.
ಮೂರನೇ ವರ್ಷ ಬಿಸ್ಕೀಟು ತಾನೇ ತಂದಿದ್ದ.

ಮಗನ ಹೆಸರು ನಾಲಿಗಿತನಕ ಬಂದಿತ್ತು.
ಅವಗ ಕುರ್ಚಿ ಬೇಕು, ಕಾಚಿನ ಪುಡಿ ಬ್ಯಾಡ.

ಕಾಚಿನ ಪುಡಿ ಗುಡಸಾಕಂತ ಬಂದಾಕಿ ರಿಹಾನಾ,
ಮೈಂದರಗಿಯ ಮುಜಾವರರ ಹುಡುಗಿ, ಹತ್ತೊಂಬತ್ತು ತುಂಬಿರಲಿಲ್ಲ.
ಈಗ ಸಾಣಿ ಆಕಿದು, ಲೆಕ್ಕದ ವಹಿ ಆಕಿದು,
ನನ್ನೆದುರು ವಾದ ಮಾಡೂದೂ ಆಕಿದೇ.
ತೊಂಬತ್ತಕ್ಕ ಕೊಟ್ರ ನಡಿಯೂದಿಲ್ಲಕ್ಕಾ, ನೂರಾ ಇಪ್ಪತ್ತು.
ಸೂಜಿ ಬ್ಯಾಡಕ್ಕಾ, ಕೈ ನಡಗೂ ಮುದುಕಿ ಸೋಲತಾಳ,
ಅದು ಕಣ್ಣಿನ ಪರೀಕ್ಷಾ ಅಲ್ಲ.
ತಾಟಿನಾಗ ಜ್ವಾಳ ಹರವಿ ಮುಂದ ಇಡತಾಳ:
ಹಳ್ಳು ಎಲ್ಲೆಲ್ಲಿ ಅದಾವು, ಬೆರಳು ಮಾಡಿ ತೋರಸ್ರಿ.
ಎಂಟು ದಿನ ಆಕಿ ಜೋಡಿ ಮಾತಾಡಲಿಲ್ಲ ನಾನು.
ಒಂಬತ್ತನೇ ದಿನ ಸೂಜಿಡಬ್ಬಿ ಕಪಾಟಿನಾಗಿಟ್ಟೆ,
ಕೀಲಿ ಹಾಕಿ, ಕೀಲಿ ಸೊಂಟಕ್ಕ.

ಶ್ರಾವಣದ ಎರಡನೇ ಮಂಗಳವಾರ ಸಭಾ.
ಮರಾಠಿಯೊಳಗ ಟೈಪಾದ ಠರಾವು, ಎರಡು ಕಡೆ ಸಹಿ.
ಮ್ಯಾಲಿನ ಸಾಲು ಓದಿದೆ. ನನ್ನ ಹೆಸರು.
ಕೆಳಗಿನ ಸಾಲು ಇರಿವಿ ಸಾಲಿನಂಗ ಹರೀತು.
ಕಾಗದ ದೂರ ಹಿಡದೆ. ಇನ್ನಷ್ಟು ದೂರ.
ಕೈ ಮುಗೀತು.
ನಲವತ್ತು ಹೆಂಗಸರು, ನಲವತ್ತೂ ಚಾಳೀಸು ನನ್ನನ್ನೇ ನೋಡತಾವು,
ಒಬ್ಬಾಕೀನೂ ನಗಲಿಲ್ಲ. ನಕ್ಕಿದ್ದರ ಚಲೋ ಇತ್ತು.

ರಿಹಾನಾ ಎದ್ದು ತಾಟು ತಂದಳು.
ಮೂರು ಹಳ್ಳು ತೋರಿಸಿದೆ.
ಏಳು ಅದಾವಕ್ಕಾ.
ಗದ್ದಾ ಹಿಡದು ಬೆಳಕಿನ ಕಡೆ ತಿರುವಿ,
ನಾನು ಕಲಿಸಿದಂಗನ, ಹಣಿ ಮ್ಯಾಗಿನ ಕೂದಲ ಸರಿಸಿ:
ನಿಮ್ಮ ನಂಬರ್ ಬದಲಾಗೈತಿ.

ಸಭಾ ತಾಸು ಹೊತ್ತು ನಿಂತಿತು. ಸಾಣಿ ಸದ್ದು ಕೇಳತಿತ್ತು.
ಹೊಸಾ ಕಾಚು ಕೂಡಿಸಿ ಕೊಟ್ಟಳು, ಪಾವತಿ ಹರದಳು:
ನೂರಾ ಇಪ್ಪತ್ತು.
ಎಣಿಸಿ ಕೊಟ್ಟೆ.
ಕೆಳಗಿನ ಸಾಲು ಓದಿದೆ, ಆಕಿ ಹೆಸರು, ತಂದಿ ಹೆಸರು, ಊರು.
ಸಹಿ ಮಾಡಿದೆ.

ಸಿಮ್ ತಗೀಬೇಕಂದ್ರ ಸೂಜಿ ಬೇಕಾತು.
ಸೊಂಟದ ಕೀಲಿ, ಕಪಾಟು, ತುಕ್ಕು ಹತ್ತಿದ ಡಬ್ಬಿ.
ಫೋನಿನ ಬಾಜೂದ ಆ ತೂತು ಎಳ್ಳಿಗಿಂತ ಸಣ್ಣದು,
ಒಂದೇ ಸಲಕ್ಕ ಹೊಕ್ಕಿತು.
ಬೆರಳ ತುದಿ ಮ್ಯಾಲ ಹದಿನೆಂಟು ವರ್ಷ, ಉಗುರಿನಷ್ಟು.
ಹಿಡಕೋ ಅಂದೆ. ಬೀಳಿಸಬ್ಯಾಡ ಅಂತ ಅನ್ನಲಿಲ್ಲ.
ಬಾಯಿಗೆ ಬಂದಿತ್ತು.

ರಾತ್ರಿ ಹನ್ನೊಂದು. ಮನ್ಯಾಗ ಒಂದು ಫೋನೂ ಬಾರಿಸಲಿಲ್ಲ.
ಸೊಸಿ ಮೊಬೈಲ್ ಇಸಗೊಂಡು ಒತ್ತಿದೆ,
ನೋಡದನ ಒತ್ತಬಹುದಾದ ಹತ್ತು ಅಂಕಿ.
ಹಲೋ, ಯಾರ್ರೀ, ಏನಾಗೈತಿ?

ಏನಿಲ್ಲವ್ವಾ.
ಹತ್ತತೈತೋ ಇಲ್ಲೋ ನೋಡಿದೆ.