ಒಂದು ಹಿಡಿ ಹೆಚ್ಚಿಗೆ

ಕೊಳ್ಳೇಗಾಲದಿಂದ ಬಂದವಳು ನಾನು.
ಗುರುಮಠಕಲ್ ದಾಟಿ ಬಸ್ಸಿಳಿದಾಗ
ಟ್ರಂಕಿನಲ್ಲಿ ಎರಡು ಡಿಗ್ರಿ, ಒಂದು ನೇಮಕಾತಿ ಆದೇಶ,
ಅಮ್ಮ ಕಟ್ಟಿಕೊಟ್ಟ ಹುರುಳಿಪುಡಿ.
ಕನ್ನಡ ಕಲಿಸಲು ಬಂದವಳು
ಮೊದಲ ದಿನವೇ ಕನ್ನಡ ಬರದವಳಾದೆ.

ಮೂಲೆಯ ಹುಡುಗ ‘ನೀಳ್ಳು’ ಅಂದ.
ತಾಂಡಾದ ಜಮ್ಲಿ ‘ಪಾಣಿ’ ಅಂದಳು.
ಮುಂದಿನ ಸಾಲಿನವನು ‘ನೀರಡಿಕಿ ಆಗ್ಯಾದ್ರಿ ಟೀಚರ್’ ಅಂದ;
ಅದೂ ನನಗೆ ಕ್ಷಣ ತಡವಾಗಿ ಹೊಳೆಯಿತು.
ಬೋರ್ಡಿನ ಮೇಲೆ ನೀರು ಎಂದು ಬರೆದೆ.
ಬರೆದ ನೀರು ಯಾರ ಗಂಟಲಿಗೂ ಇಳಿಯಲಿಲ್ಲ.

ಆಗ ಅಡುಗೆ ಕೋಣೆಯಿಂದ ಮೊಗಲಮ್ಮ
ಸೆರಗಿಗೆ ಕೈ ಒರೆಸುತ್ತ ಬಂದು
ಮೂವರನ್ನು ಮೂರು ಭಾಷೆಯಲ್ಲಿ ಬೈದು
ಒಂದೇ ಕೊಡದಿಂದ ಕುಡಿಸಿದಳು.
‘ನೀವೂ ಕುಡೀರಿ ಟೀಚರ್‌ರ, ಮಾರಿ ಬಾಡ್ಯಾದ.’

ಜವಾನ ಲಾಡ್ಲೆಸಾಬರ ಕೈಗೆ ಗಡಿಯಾರವಿಲ್ಲ.
ಬೇವಿನ ನೆರಳು ಕಟ್ಟೆಗೆ ತಾಗಿದರೆ
ತೂಗುಹಾಕಿದ ರೈಲುಕಂಬಿಗೆ ಏಟು.
ಆದರೆ ಮೊದಲು ಕಿಟಕಿಯಲ್ಲಿ ಇಣುಕುತ್ತಾರೆ:
ಕತೆಯ ನರಿ ಇನ್ನೂ ಬಾವಿಯೊಳಗಿದ್ದರೆ
ಸುತ್ತಿಗೆ ಬೆನ್ನ ಹಿಂದೆ ಮರೆಸಿ
ಅದು ಮೇಲೆ ಬರುವ ತನಕ ನಿಲ್ಲುತ್ತಾರೆ.

ಹಾಜರಿ ಕರೆಯುವುದು ನನ್ನ ಕೆಲಸ.
ಎಷ್ಟು ಮಂದಿ ಎಂದು ಚೀಟಿ ಕಳಿಸುತ್ತೇನೆ.
ಮೊಗಲಮ್ಮನಿಗೆ ಓದು ಬಾರದು;
ಚೀಟಿ ಒಲೆಗೆ, ಲೆಕ್ಕ ಕೈಗೆ.
‘ಅಂಜಿಲಪ್ಪನ ಮಗ ಇವತ್ತ ಮೂರು ಸಲ ಹಾಕ್ಸಿಕೊಂಡ.
ರಾತ್ರಿ ಅವರ ಮನ್ಯಾಗ ಒಲಿ ಹಚ್ಚಿಲ್ಲ.
ಮಗ್ಗಿ ತಪ್ಪಿದ್ರ ಹೊಡೀಬ್ಯಾಡ್ರಿ.’
ಹೊಡೆದಿದ್ದೆ.
ಆಗಷ್ಟೇ, ಏಳೆಂಟಲ ಐವತ್ತೆರಡು ಅಂದದ್ದಕ್ಕೆ.
ಅಂದೇ ಸ್ಕೇಲು ಮುರಿದೆ ಎಂದರೆ ಸುಳ್ಳಾಗುತ್ತದೆ.
ಬೀರುವಿನ ಮೇಲಿಟ್ಟೆ. ಈಗಲೂ ಅಲ್ಲೇ ಇದ್ದೀತು.

ದೀಪಾವಳಿ ಕಳೆದ ಮೇಲೆ ಜಮ್ಲಿ ಬರಲಿಲ್ಲ.
ಪುಣೆ ಕಡೆ ಇಟ್ಟಿಗೆ ಭಟ್ಟಿಗೆ ಹೋದವರ
ಬಾಗಿಲಿಗೆ ಜಾಲಿಮುಳ್ಳಿನ ಕೊಂಬೆ.
ತಿಂಗಳಾಯಿತು, ಎರಡಾಯಿತು.
ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ.

ಮಧ್ಯಾಹ್ನ ಬೇಳೆ ಅಳೆದು ಮುಗಿದ ಮೇಲೆ
ಮೊಗಲಮ್ಮ ಮತ್ತೊಂದು ಹಿಡಿ ಹಾಕಿದಳು.
‘ಯಾರಿಗೆ ಅದು?’
‘ಜಮ್ಲಿಗ್ರಿ.’
‘ಅವಳ ಹೆಸರು ತೆಗೆದಾಯಿತಲ್ಲ.’
‘ಹೆಸರ ತಗದೀರಿ. ಹೊಟ್ಟಿ ತಗ್ಯಾಕ ಬರ್ತದೇನ್ರಿ?’

ಯುಗಾದಿ ಕಳೆದ ವಾರ
ಡಾಂಬರು ಕರಗುವ ಬಿಸಿಲಲ್ಲಿ ಅವಳು ಬಂದಳು.
ತರಗತಿಗಲ್ಲ, ಅಡುಗೆ ಕೋಣೆಯ ಹೊಸ್ತಿಲಿಗೆ.
ರೆಪ್ಪೆಯ ಮೇಲೂ ಇಟ್ಟಿಗೆ ಬಣ್ಣ.
ಎಲ್ಲಿದ್ದೆ, ಯಾಕೆ ಬಂದೆ, ಏನೂ ಇಲ್ಲ.
ಮೊಗಲಮ್ಮ ತಾಟು ಕೊಟ್ಟು
ಉಣ್ಣುವ ತನಕ ಬೇರೆ ಕಡೆ ನೋಡಿದಳು.
ತಾಟು ತೊಳೆದಿಟ್ಟ ಮೇಲೆ
ಸೌಟು ಚಾಚಿ ನನ್ನ ಕೋಣೆ ತೋರಿಸಿದಳು.

ಕೆಂಪು ಶಾಯಿ ಅಳಿಯುವುದಿಲ್ಲ.
ಕೊನೆಯ ಸಾಲಿನಲ್ಲಿ ಹೊಸದಾಗಿ ಬರೆದೆ.
ಒಂದೇ ಹುಡುಗಿ ನನ್ನ ಪುಸ್ತಕದಲ್ಲಿ
ಎರಡು ಕಡೆ ಇದ್ದಾಳೆ.

ಸೆಪ್ಟೆಂಬರಿನಲ್ಲಿ ಯಾದಗಿರಿಗೆ ಕರೆಸಿ
ಆದರ್ಶ ಶಿಕ್ಷಕಿ ಎಂದು ಶಾಲು ಹೊದಿಸಿದರು.
ಫಲಕದ ಮೇಲೆ ನನ್ನ ಹೆಸರಿಗೆ ಒತ್ತು ತಪ್ಪಿತ್ತು.
ಮಕ್ಕಳಿಗೆ ತೋರಿಸಲೆಂದು ತಂದು
ಶಾಲು ಮೇಜಿನ ಮೇಲೇ ಮರೆತು ಹೋದೆ.
ರಾತ್ರಿ ಮಳೆ. ಉಗ್ರಾಣದ ಸೂರು ಸೋರಿತು.
ಬೆಳಿಗ್ಗೆ ಲಾಡ್ಲೆಸಾಬರು ಬಾಗಿಲಲ್ಲಿ,
ತಲೆ ತಗ್ಗಿಸಿ: ‘ತಪ್ಪಾತ್ರಿ ಬಾಯಾರ,
ಕತ್ತಲದಾಗ ಕೈಗೆ ಅದೇ ಸಿಕ್ತು.’
ತೊಗರಿಬೇಳೆ ಮೂಟೆಯ ಮೇಲೆ
ಜರಿಯ ಅಂಚು, ತೊಯ್ದು ತೊಪ್ಪೆ.
ಕೆಳಗೆ ಕೈ ಹಾಕಿದೆ. ಬೇಳೆ ಗರಿಗರಿ.

ಈಗದು ಅಲ್ಲೇ ಇದೆ, ಗೂಟದ ಮೇಲೆ, ಅರಿಶಿನ ಮೆತ್ತಿಕೊಂಡು.
ಫೋನಿನಲ್ಲಿ ಅಮ್ಮ ಕೇಳುತ್ತಾಳೆ:
‘ಶಾಲ ಜ್ವಾಪಾನವಾಗಿ ಮಡಗಿದ್ದೀಯೇನವ್ವ?’
‘ಇಟ್ಟೀವಿ’ ಅನ್ನುತ್ತೇನೆ.
ಆ ಕಡೆ ಕ್ಷಣ ಹೊತ್ತು ಸದ್ದಿಲ್ಲ.
‘ಯಾವ ಸೀಮೆ ಮಾತೇ ಅದು?’